ಅಜ್ಜನ ಫಿಯೆಟ್ಟೂ ಮನೆಯ ವ್ಯಾನೂ

ನಲ್ಲೂರು: ಚನ್ನಗಿರಿ ತಾಲ್ಲೂಕಿನ ಈ ಊರಿನ ಒಂದು ಕಿರಾಣಿ ಅಂಗಡಿಯ ಹಿಂದೆ ತಗಡಿನ ಶೆಡ್ಡಿದೆ. ಒಳಗೆ ಎರಡು ಗಾಡಿಗಳು. ಒಂದು ಬೂದಿ ಬಣ್ಣದ ಫಿಯೆಟ್, 1968ರದ್ದು. ಇನ್ನೊಂದು ಬಿಳಿ ಬಣ್ಣದ ಮಾರುತಿ ಈಕೋ ವ್ಯಾನು, 2014ರದ್ದು. ಮೊದಲಿನದರ ನಂಬರು ಎಂ.ವೈ. ಎಂದು ಶುರುವಾಗುತ್ತದೆ. ಅದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೂ ಐದು ವರ್ಷ ಮುಂಚಿನ, ಮೈಸೂರು ರಾಜ್ಯದ ನಂಬರು. ಎರಡನೆಯದು ಕೆ.ಎ. 17, ಅಂದರೆ ದಾವಣಗೆರೆ.

ನಡುವೆ ಊರಿನ ವಿಳಾಸವೇ ಬದಲಾಗಿದೆ. ಫಿಯೆಟ್ ಬಂದಾಗ ನಲ್ಲೂರು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಎರಡೂ ಇತ್ತ ಬಂದವು. ಚಿತ್ರದುರ್ಗದಿಂದ ಜಗಳೂರು ಬಂತು. ಕಾರು ಮಾತ್ರ ಇದ್ದಲ್ಲೇ ಇದೆ.

ಈಗ ಅದಕ್ಕೆ ಕುತ್ತು ಬಂದಿದೆ. ಆರ್.ಸಿ. ಅವಧಿ ಮುಗಿಯುತ್ತಿದೆ. ಹೊಸದಾಗಿ ಮಾಡಿಸಬೇಕು, ಇಲ್ಲವೆ ಗಾಡಿ ಕೊಡಬೇಕು. ಮನೆಯಲ್ಲಿ ಎರಡು ಪಾರ್ಟಿಗಳಾಗಿವೆ.

"ಒಂದು ಶೆಡ್ಡಿಗೆ ಎರಡು ಗಾಡಿ ಯಾಕಜ್ಜ? ಕೊಟ್ಟು ಕೈತೊಳ್ಕೊಳಾಣ" ಅನ್ನುವುದು ಮೊಮ್ಮಗನ ವಾದ.

"ನಿಮ್ಮಪ್ಪ ಹುಟ್ಟಿದಾಗ ಆಸ್ಪತ್ರೆಯಿಂದ ಮನೆಗೆ ಕರ್ಕೊಂಬಂದ ಕಾರು ಕಣೋ ತಮ್ಮಾ ಇದು. ನಿನ್ನ ವ್ಯಾನು ಯಾರನ್ನ ಕರ್ಕೊಂಬಂದೈತಿ?" ಎನ್ನುವುದು ಅಜ್ಜನ ಪ್ರಶ್ನೆ.

ಅಜ್ಜನಿಗೆ ಎಪ್ಪತ್ತೆಂಟು. ಹೆಸರು ಪೇಪರಿನಲ್ಲಿ ಬರುವುದು ಮನೆಯವರಿಗೆ ಬೇಕಿಲ್ಲ. ಬೇಕಾಗಿಯೂ ಇಲ್ಲ. ಇಂಥ ಜಗಳ ನಡೆಯುತ್ತಿರುವ ಮನೆ ಜಿಲ್ಲೆಯಲ್ಲಿ ಇದೊಂದೇ ಅಲ್ಲ.

ಕಾದು ತಂದ ಕಾರು

ಇವತ್ತು ಶೋರೂಮಿಗೆ ಹೋದರೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಸಾಲವನ್ನೂ ಅಲ್ಲೇ ಮಾಡಿಸಿಕೊಡುತ್ತಾರೆ. ಆಗ ಹಾಗಿರಲಿಲ್ಲ. ಲೈಸೆನ್ಸು, ಪರ್ಮಿಟ್ಟಿನ ಕಾಲ. ದೇಶದಲ್ಲಿ ಸಿಗುತ್ತಿದ್ದದ್ದೇ ಮೂರು ಕಾರು: ಅಂಬಾಸಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಮಗಳ ಮದುವೆಗೆಂದು ಬುಕ್ ಮಾಡಿದ ಕಾರು ಮೊಮ್ಮಗುವಿನ ನಾಮಕರಣಕ್ಕೆ ಬಂತು ಎಂದು ಜನ ನಗುತ್ತಿದ್ದ ಕಾಲ ಅದು.

ಫಿಯೆಟ್ ಇಟಲಿಯ ಕಾರು, ನಿಜ. ಆದರೆ ನಮ್ಮ ರಸ್ತೆಗೆ ಬಂದದ್ದು ಮುಂಬಯಿಯ ಕುರ್ಲಾದಿಂದ. ವಾಲಚಂದ್ ಹೀರಾಚಂದರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿ ಅದನ್ನು ಮಾಡುತ್ತಿತ್ತು. ಅಜ್ಜನ ಮನೆಯ ಕಾರು 1964ರಿಂದ ಬಂದ 'ಡಿಲೈಟ್' ಮಾದರಿಯದು. ಇದೇ ಕಾರಿಗೆ ಆಮೇಲೆ 'ಪ್ರೆಸಿಡೆಂಟ್' ಎಂದು ಹೆಸರಿಟ್ಟರು, 1974ರಲ್ಲಿ 'ಪದ್ಮಿನಿ' ಎಂದರು. ಹೆಸರು ಬದಲಾಯಿತೇ ಹೊರತು ಒಳಗಿನ ಎಂಜಿನ್ ಅದೇ, 1089 ಸಿ.ಸಿ.ಯದು. ಜನರಂತೂ ಕೊನೆಯವರೆಗೂ ಫಿಯೆಟ್ ಅಂತಲೇ ಕರೆದರು. 2000ದ ಆಸುಪಾಸಿನಲ್ಲಿ ಕಾರ್ಖಾನೆ ಅದನ್ನು ಮಾಡುವುದನ್ನೇ ನಿಲ್ಲಿಸಿತು.

ವ್ಯಾನಿನ ವಂಶ ಬೇರೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಬೆನ್ನಿಗೆ 1984ರಲ್ಲಿ ಅದೇ 796 ಸಿ.ಸಿ. ಎಂಜಿನ್ ಇಟ್ಟುಕೊಂಡು ಡಬ್ಬಿಯಂಥ ವ್ಯಾನು ಬಂತು. ಅದೇ ಮುಂದೆ ಓಮ್ನಿ. ಓಮ್ನಿ ಮಾಡದ ಕೆಲಸವಿಲ್ಲ. ಸ್ಕೂಲ್ ಮಕ್ಕಳು, ತರಕಾರಿ, ಹಾಲಿನ ಕ್ಯಾನು, ಆಂಬ್ಯುಲೆನ್ಸು ಎಲ್ಲ ಅದರಲ್ಲೇ. ಸಿನಿಮಾದಲ್ಲಿ ಹೀರೋಯಿನ್ನನ್ನು ಹೊತ್ತೊಯ್ಯುವ ಕೇಡಿಗಳಿಗೂ ಅದೇ ಬೇಕು, ಪಕ್ಕಕ್ಕೆ ಸರಿಯುವ ಬಾಗಿಲಲ್ಲವೇ!

2001ರಲ್ಲಿ ಕಂಪನಿ 'ವರ್ಸಾ' ಎಂಬ ದೊಡ್ಡ ವ್ಯಾನು ತಂದಿತು. ಅಮಿತಾಭ್, ಅಭಿಷೇಕ್ ಅಪ್ಪ ಮಗ ಇಬ್ಬರನ್ನೂ ಜಾಹೀರಾತಿಗೆ ಕರೆತಂದರೂ ಗಿರಾಕಿ ತಿರುಗಿ ನೋಡಲಿಲ್ಲ. ಅದರ ಥಳಕು ಪಳಕು ತೆಗೆದು, ಬೆಲೆ ಇಳಿಸಿ, 2010ರ ಜನವರಿಯಲ್ಲಿ 'ಈಕೋ' ಎಂದು ಬಿಟ್ಟರು. 1196 ಸಿ.ಸಿ. ಎಂಜಿನ್, ಐದು ಸೀಟಿನದೊಂದು, ಏಳು ಸೀಟಿನದೊಂದು. ಅದು ಓಡಿತು. ಅಂಗಡಿ ನಡೆಸುವವರಿಗೆ ಈ ಕಥೆಯ ನೀತಿ ಬಿಡಿಸಿ ಹೇಳಬೇಕಾಗಿಲ್ಲ. ಗಿರಾಕಿಗೆ ಬೇಕಾದದ್ದು ಸಿನಿಮಾ ನಟರಲ್ಲ, ಸರಿಯಾದ ರೇಟು.

ಟೇಪು ಹಿಡಿದರೆ ತಮಾಷೆ

ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಯಾರೇ ಆಗಲಿ ಏನನ್ನುತ್ತಾರೆ? ವ್ಯಾನು ದೊಡ್ಡದು, ಕಾರು ಚಿಕ್ಕದು ಅಂತ. ಅಲ್ಲೇ ಕಣ್ಣು ಮೋಸ ಹೋಗುವುದು.

ಫಿಯೆಟ್ಟಿನ ಉದ್ದ ಸುಮಾರು 3.9 ಮೀಟರ್. ಈಕೋ ಉದ್ದ ಸುಮಾರು 3.7 ಮೀಟರ್. ಅಂದರೆ ವ್ಯಾನೇ ಒಂದು ಗೇಣು ಗಿಡ್ಡ! ಅಗಲ ನೋಡಿ, ಎರಡೂ ಒಂದೂವರೆ ಮೀಟರಿನ ಒಳಗೇ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ಅಂತರ ಫಿಯೆಟ್ಟಿನಲ್ಲಿ 2.34 ಮೀಟರ್, ಈಕೋದಲ್ಲಿ 2.35 ಮೀಟರ್. ಬರೀ ಒಂದು ಸೆಂಟಿಮೀಟರ್ ಫರಕು. ಎರಡಕ್ಕೂ ಹಿಂದಿನ ಚಕ್ರವೇ ತಳ್ಳುವ ಚಕ್ರ.

ಹಾಗಾದರೆ ಒಂದರಲ್ಲಿ ಐದು ಜನ, ಇನ್ನೊಂದರಲ್ಲಿ ಏಳು ಜನ ಹೇಗೆ?

ಗುಟ್ಟು ಎಂಜಿನ್ ಇಟ್ಟ ಜಾಗದಲ್ಲಿದೆ. ಫಿಯೆಟ್ಟಿಗೆ ಮುಂದೆ ಬಾನೆಟ್, ಹಿಂದೆ ಡಿಕ್ಕಿ. ಮನುಷ್ಯರಿಗೆ ಸಿಗುವುದು ನಡುವಿನ ಭಾಗ ಮಾತ್ರ. ವ್ಯಾನಿನಲ್ಲಿ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗೇ ತುರುಕಿದ್ದಾರೆ. ಮೂತಿಯಲ್ಲಿ ಉಳಿಸಿದ ಜಾಗ, ಡಿಕ್ಕಿಯಲ್ಲಿ ಉಳಿಸಿದ ಜಾಗ ಎರಡೂ ಸೇರಿ ಇನ್ನೊಂದು ಸಾಲು ಸೀಟಾಗಿದೆ. ಮೇಲಕ್ಕೂ ಒಂದು ಅಡಿ ಎತ್ತರ ಮಾಡಿದ್ದಾರೆ. ಹಳೆ ಮನೆಯ ಅಂಗಳ, ಪಡಸಾಲೆ ಎರಡನ್ನೂ ಒಳಗೆ ಸೇರಿಸಿ ರೂಮು ಕಟ್ಟಿಕೊಂಡಂತೆ.

ಇದಕ್ಕೆ ತೆರಬೇಕಾದ ದಂಡವೂ ಇದೆ. ಬೇಸಿಗೆಯಲ್ಲಿ ವ್ಯಾನಿನ ಡ್ರೈವರ್ ಸೀಟು ಕಾವಲಿಯಾಗುತ್ತದೆ. ಎದುರಿನಿಂದ ಏನಾದರೂ ಬಡಿದರೆ ಪೆಟ್ಟು ತಿನ್ನಲು ಮುಂದೆ ಉದ್ದನೆಯ ಮೂತಿ ಇಲ್ಲ.

ಏಳು ತಲೆಯ ಲೆಕ್ಕ

ಮನೆಯಲ್ಲಿ ಏಳು ಜನ. ಅಜ್ಜ, ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಜೊತೆಗೆ ಗಂಡ ತೀರಿಕೊಂಡು ತೌರಿಗೆ ಬಂದ ಮಗಳು. ಫಿಯೆಟ್ ಒಂದೇ ಇದ್ದಾಗ ಧರ್ಮಸ್ಥಳಕ್ಕೆ ಹೊರಟರೆ ಮೊದಲ ಜಗಳ "ಯಾರು ಉಳಿಯೋರು?" ಎಂಬುದು. ಆ ಕಾರಿನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದೆ ಮೂವರು ಒತ್ತಿಕೊಂಡು ಕೂರುತ್ತಿದ್ದರು. ಹಿಂದೆ ನಾಲ್ವರು, ಮೇಲೆ ತೊಡೆಯ ಮೇಲೊಂದು ಕೂಸು. ಕೂತದ್ದೇನೋ ನಿಜ. ಅದು ಸುಖವಲ್ಲ, ಕ್ಷೇಮವೂ ಅಲ್ಲ.

ಕೊನೆಗೆ ಉಳಿಯುತ್ತಿದ್ದದ್ದು ಹೆಚ್ಚಾಗಿ ಸೊಸೆಯೇ. "ಅಂಗಡಿ ನೋಡ್ಕೊಳಾಕೆ ಯಾರಾದ್ರೂ ಬೇಕಲ್ಲ" ಎಂಬ ನೆಪ. ವ್ಯಾನು ಬಂದ ವರ್ಷವೇ ಅಂಗಡಿಗೆ ಎರಡು ದಿನ ಬೀಗ ಹಾಕಿ ಏಳೂ ಜನ ಹೋಗಿಬಂದರು. "ಮದುವ್ಯಾಗಿ ಬಂದಮೇಲೆ ಎಲ್ಲರ ಜೊತಿಗೆ ಹೋಗಿದ್ದು ಅದೇ ಮೊದಲು" ಎಂದು ಆಕೆ ಹೇಳುವಾಗ ಅಜ್ಜನೂ ಸುಮ್ಮನಾಗುತ್ತಾರೆ. ಫಿಯೆಟ್ಟಿನ ಪರ ವಾದಿಸುವವರು ಈ ಒಂದು ಮಾತಿಗೆ ಉತ್ತರ ಹುಡುಕಬೇಕು.

ಹೋದ ಕಡೆ ಒಂದು ತಮಾಷೆಯಾಯಿತು. ಧರ್ಮಸ್ಥಳದಲ್ಲಿ ಮಂಜೂಷಾ ಮ್ಯೂಸಿಯಂ ಇದೆಯಲ್ಲ, ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ್ದು, ಅದರ ಹಳೆ ಕಾರುಗಳ ಸಂಗ್ರಹ ಪ್ರಸಿದ್ಧ. ಜನ ಟಿಕೆಟ್ ಕೊಟ್ಟು ಹಳೆ ಕಾರು ನೋಡುವುದನ್ನು ಕಂಡ ಅಜ್ಜ ಮೊಮ್ಮಗನ ಕಿವಿ ಹಿಂಡಿದರು. "ನೋಡ್ದೇನೋ? ಇಲ್ಲಿ ದುಡ್ಡು ಕೊಟ್ಟು ನೋಡ್ತಾರೆ. ನೀನು ಗುಜರಿಗೆ ಹಾಕು ಅಂತೀಯ!" 2023ರಲ್ಲಿ ಹೆಗ್ಗಡೆಯವರದೇ ಇನ್ನೊಂದು ಕಾರು ಸಂಗ್ರಹಾಲಯ, 'ಪಯಣ', ಶ್ರೀರಂಗಪಟ್ಟಣದ ಬಳಿ ತೆರೆದಿದೆ. ಅಜ್ಜನಿಗೆ ಅದನ್ನೂ ನೋಡುವ ಆಸೆ. ಹೋಗುವುದು ಮಾತ್ರ ವ್ಯಾನಿನಲ್ಲೇ.

ಪೆಟ್ರೋಲು ಎಷ್ಟು ಕುಡೀತದೆ?

ವ್ಯಾಪಾರಿಗಳ ಮೊದಲ ಪ್ರಶ್ನೆ ಇದೇ. ಲೀಟರಿಗೆ ನೂರು ರೂಪಾಯಿ ಎಂದು ಕೈಬಿಗಿ ಹಿಡಿದೇ ಲೆಕ್ಕ ಹಾಕಿ. ಫಿಯೆಟ್ ಲೀಟರಿಗೆ ಹತ್ತು ಕಿ.ಮೀ. ಕೊಟ್ಟರೆ ನೂರು ಕಿ.ಮೀ. ದಾರಿಗೆ ಸಾವಿರ ರೂಪಾಯಿ. ಐದು ಜನರಿಗೆ ಹಂಚಿದರೆ ತಲೆಗೆ ಇನ್ನೂರು. ವ್ಯಾನು ಹದಿನೈದು ಕೊಟ್ಟರೆ ಅದೇ ದಾರಿಗೆ ಆರುನೂರ ಎಪ್ಪತ್ತು. ಏಳು ಜನರಿಗೆ ಹಂಚಿದರೆ ತಲೆಗೆ ತೊಂಬತ್ತಾರು. ಅರ್ಧಕ್ಕೂ ಕಮ್ಮಿ.

ಬಸ್ಸಿಗೆ ಕಾಯುವವರು ಇಲ್ಲಿ ನಕ್ಕಾರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹತ್ತುವ ಹೆಂಗಸರಿಗೆ ಟಿಕೆಟ್ಟೇ ಇಲ್ಲ. ಮನೆಯ ಸೊಸೆ ದಾವಣಗೆರೆಗೆ ಒಬ್ಬಳೇ ಹೋಗುವುದಾದರೆ ಫಿಯೆಟ್ಟೂ ಬೇಡ, ವ್ಯಾನೂ ಬೇಡ. ಸರ್ಕಾರಿ ಬಸ್ಸು ಬರಬೇಕು, ನಿಲ್ಲಬೇಕು, ಸೀಟು ಸಿಗಬೇಕು, ಅಷ್ಟೇ! ಆದರೆ ಅಂಗಡಿಯ ಸಕ್ಕರೆ ಮೂಟೆಯನ್ನು ಬಸ್ಸಿನಲ್ಲಿ ತರಲಾದೀತೇ? ಹಿಂದಿನ ಸೀಟು ಬಿಚ್ಚಿದ ವ್ಯಾನಿನಲ್ಲಿ ಬರುತ್ತದೆ.

ಹಾಗಂತ ಪೆಟ್ರೋಲಿನ ಲೆಕ್ಕದಲ್ಲೇ ಫಿಯೆಟ್ಟನ್ನು ಸೋಲಿಸಲಾಗದು. ಅಜ್ಜ ಅದನ್ನು ಓಡಿಸುವುದು ವಾರಕ್ಕೊಮ್ಮೆ. ಭಾನುವಾರ ಬೆಳಿಗ್ಗೆ ಸೂಳೆಕೆರೆ ಕಡೆಗೋ ಸಂತೇಬೆನ್ನೂರಿನ ಪುಷ್ಕರಣಿ ಕಡೆಗೋ ಒಂದು ಸುತ್ತು. ವಾರಕ್ಕೆ ಇಪ್ಪತ್ತು ಕಿ.ಮೀ. ಎಂದರೂ ವರ್ಷಕ್ಕೆ ಸಾವಿರ ಚಿಲ್ಲರೆ. ಅಷ್ಟಕ್ಕೆ ಎರಡೂ ಗಾಡಿಗಳ ಪೆಟ್ರೋಲ್ ಖರ್ಚಿನ ಅಂತರ ಮೂರೂವರೆ ಸಾವಿರ ರೂಪಾಯಿಯೊಳಗೆ. "ಬೀಡಿ ಇಲ್ಲ, ಎಣ್ಣೆ ಇಲ್ಲ. ನನಗೆ ಅಷ್ಟೂ ಬ್ಯಾಡ್ವಾ?" ಎಂದು ಅಜ್ಜ ಕೇಳಿದರೆ ಮಗನೂ ಬಾಯಿ ಬಿಡುವುದಿಲ್ಲ.

ನಿಜವಾದ ತಾಪತ್ರಯ ಪೆಟ್ರೋಲಿನ ರೇಟಲ್ಲ, ಪೆಟ್ರೋಲೇ. 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು. ಆ ಕಾಲದ ಎಂಜಿನ್ನುಗಳ ವಾಲ್ವುಗಳಿಗೆ ಸೀಸವೇ ರಕ್ಷೆಯಾಗಿತ್ತು. ಈಗ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬಂದಿದೆ. ಹಳೆ ರಬ್ಬರ್ ಪೈಪು, ಕಾರ್ಬೊರೇಟರಿನ ಗ್ಯಾಸ್ಕೆಟ್ಟು ಎಥನಾಲ್ ಕುಡಿದು ಮೆತ್ತಗಾಗುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರಿನ ಪಸೆ ಸೇರುತ್ತದೆ. ಪೈಪು ಬದಲಾಯಿಸಬೇಕು, ಆಗಾಗ ಗಾಡಿ ಓಡಿಸಬೇಕು. ನಿಲ್ಲಿಸಿದಷ್ಟೂ ಹಾಳು. ವಯಸ್ಸಾದವರ ಮೊಣಕಾಲಿನ ಹಾಗೆ.

ಬ್ರೇಕಿನ ಮಾತು

ಗಾಡಿ ಓಡುವುದು ದೊಡ್ಡದಲ್ಲ, ನಿಲ್ಲುವುದು ದೊಡ್ಡದು. ಫಿಯೆಟ್ಟಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಸಹಾಯಕ್ಕೆ ಬೂಸ್ಟರ್ ಇಲ್ಲ. ಕಾಲಿನ ಬಲವೇ ಬಲ. 1968ರ ರಸ್ತೆಗೆ ಅದು ಸಾಕಿತ್ತು. ಆಗ ಎದುರಿಗೆ ಬರುತ್ತಿದ್ದದ್ದು ಎತ್ತಿನ ಗಾಡಿ. ಈಗಿನ ಹೆದ್ದಾರಿಯಲ್ಲಿ ಮುಂದಿನ ಹೊಸ ಕಾರು ಗಕ್ಕನೆ ನಿಂತರೆ ಹಿಂದಿನ ಹಳೆ ಕಾರು ಅಷ್ಟರಲ್ಲಿ ನಿಲ್ಲುವುದಿಲ್ಲ. ಸೀಟ್ ಬೆಲ್ಟೂ ಇಲ್ಲ. ಹೊಸ ಕಾರುಗಳ ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದೇ 1994ರಲ್ಲಿ.

ವ್ಯಾನಿಗೆ ಮುಂದೆ ಡಿಸ್ಕ್ ಬ್ರೇಕಿದೆ, ಬೆಲ್ಟಿದೆ. ಹಾಗಂತ ಎದೆಯುಬ್ಬಿಸಿಕೊಳ್ಳುವ ಹಾಗಿಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗಿಲ್ಲದ ಈಕೋವನ್ನು ಗುದ್ದಿಸಿ ನೋಡಿತು. ದೊಡ್ಡವರ ರಕ್ಷಣೆಗೆ ಸಿಕ್ಕ ನಕ್ಷತ್ರ ಸೊನ್ನೆ. 2014ರ ಗಾಡಿ ಅದೇ ಜಾತಿಯದು. ಹೊಸ ಸುರಕ್ಷತಾ ನಿಯಮಕ್ಕೆ ಹೊಂದಲಾರದೆ ಅದರ ಅಣ್ಣ ಓಮ್ನಿ 2019ರಲ್ಲಿ ನಿಂತೇಹೋಯಿತು. ಹೊಸದು ಎಂದ ಮಾತ್ರಕ್ಕೆ ಭದ್ರವಲ್ಲ, ಏಳು ಸೀಟಿದೆಯೆಂದು ಹನ್ನೊಂದು ಜನರನ್ನು ತುಂಬುವವರಿಗಂತೂ ಅಲ್ಲವೇ ಅಲ್ಲ.

ಈ ಜಿಲ್ಲೆಯವರಿಗೆ ಇದನ್ನು ಒತ್ತಿ ಹೇಳಬೇಕಾಗಿಲ್ಲ. 1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ಕಾರಿನ ಅಪಘಾತದಲ್ಲಿ ತೀರಿಕೊಂಡದ್ದು ದಾವಣಗೆರೆಗೆ ಸಮೀಪದ ಆನಗೋಡಿನ ಬಳಿ. ಆ ಹೆದ್ದಾರಿಯಲ್ಲಿ ಬಸ್ಸು ಹಾದಾಗಲೆಲ್ಲ ಹಳಬರು ಇವತ್ತಿಗೂ ಕಿಟಕಿಯಾಚೆ ನೋಡುತ್ತಾರೆ.

ಅಜ್ಜ ತಾವಾಗಿಯೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದಾರೆ. ಫಿಯೆಟ್ ಹೆದ್ದಾರಿಗೆ ಹೋಗುವುದಿಲ್ಲ. ಕತ್ತಲಾದ ಮೇಲೆ ಶೆಡ್ ಬಿಡುವುದಿಲ್ಲ.

ಮೇಸ್ತ್ರಿ ಯಾರು?

ಫಿಯೆಟ್ ಕೆಟ್ಟರೆ ಹತ್ತು ಪಾನಾ, ಒಂದು ಸ್ಕ್ರೂಡ್ರೈವರ್ ಸಾಕು. ಬೆಳಿಗ್ಗೆ ಚೋಕು ಎಳೆಯಬೇಕು. ಪಾಯಿಂಟು ಸುಟ್ಟರೆ ಅರ ಹಾಕಿ ಉಜ್ಜಿ ಕೂರಿಸಬಹುದು. ಏಪ್ರಿಲ್ ಬಿಸಿಲಿನಲ್ಲಿ ಪೆಟ್ರೋಲ್ ಪಂಪು ಕಾದು ಗಾಡಿ ನಿಂತರೆ ಅದರ ಮೇಲೊಂದು ಒದ್ದೆ ಬಟ್ಟೆ ಹಾಕಿ, ನೆರಳಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತರಾಯಿತು. ಹೆಂಗಸರಿಗೂ ಆ ಮದ್ದು ಗೊತ್ತಿತ್ತು. ವ್ಯಾನಿಗೆ ಇದಾವುದೂ ಬೇಡ. ಕೀಲಿ ತಿರುವಿದರೆ ಹೊರಟಿತು. ಆದರೆ ಕೆಟ್ಟಾಗ ಬಾನೆಟ್ ಎತ್ತಿ ನೋಡೋಣವೆಂದರೆ ಎಂಜಿನ್ ಸೀಟಿನ ಕೆಳಗೆ! ಕಂಪ್ಯೂಟರ್ ಜೋಡಿಸಿ ನೋಡುವವರೇ ಬರಬೇಕು.

ಸಮಸ್ಯೆ ಏನೆಂದರೆ, ಪಾಯಿಂಟು ಕೂರಿಸಬಲ್ಲ ಮೇಸ್ತ್ರಿಗಳ ತಲೆ ನರೆತಿದೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಸಾಮಾನಿಗೆ ಬೆಂಗಳೂರಿನ ಗುಜರಿ ಅಂಗಡಿಗಳನ್ನು ಅಲೆಯಬೇಕು. ಮುಂಬಯಿಯಂಥ ಮುಂಬಯಿಯಲ್ಲೇ ಕಪ್ಪು ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿಗಳು ವಯಸ್ಸಿನ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದವು. ಅಲ್ಲಿ ಗಿರಾಕಿ ಹೋದ ಮೇಲೆ ಸಾಮಾನು ಮಾಡುವವರಾದರೂ ಎಷ್ಟು ದಿನ ಮಾಡಿಯಾರು?

ಕಾನೂನು ಏನನ್ನುತ್ತದೆ?

ಹದಿನೈದು ವರ್ಷ ತುಂಬಿದ ಸ್ವಂತ ಕಾರನ್ನು ಗುಜರಿಗೆ ಹಾಕಲೇಬೇಕು ಎಂದು ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಗಾಡಿ ಪರೀಕ್ಷೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ಆರ್.ಸಿ. ಮುಂದುವರಿಸಬಹುದು. ಆದರೆ ಶುಲ್ಕ ಜೋರಾಗಿದೆ. 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000. ಹಸಿರು ತೆರಿಗೆ, ಹೊಗೆ ತಪಾಸಣೆ, ಇನ್ಶೂರೆನ್ಸು ಬೇರೆ.

ಇನ್ನೊಂದು ದಾರಿ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ 'ವಿಂಟೇಜ್' ನಿಯಮ. ಕಾರು ಕ್ಲಬ್ಬಿನವರನ್ನು ಕೇಳಿದರೆ ಮಹಾಯುದ್ಧಕ್ಕೆ ಮುಂಚಿನದೇ ವಿಂಟೇಜ್ ಎಂದು ಮೂಗು ಮುರಿದಾರು. ಕಾನೂನು ಉದಾರವಾಗಿದೆ. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಬದಲಾಯಿಸದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆಮೇಲೆ ಮುಂದುವರಿಸಲು 5,000. ಹಳೆ ನಂಬರಿದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ಮಾಡಿಸುವವರಿಗೆ 'ವಿ.ಎ.' ಅಕ್ಷರದ ನಂಬರು.

ಅಜ್ಜನ ಕಾರು ಎಲ್ಲದಕ್ಕೂ ಸರಿಹೊಂದುತ್ತದೆ. ಮೊಮ್ಮಗನಿಗೂ ಈ ದಾರಿ ಹಿಡಿಸಿತು. "ವಿಂಟೇಜ್ ಮಾಡ್ಸಾಣ ಅಜ್ಜ, ಆಮೇಲೆ ಒಳ್ಳೆ ರೇಟೂ ಬರ್ತೈತಿ" ಎಂದ.

ಆದರೆ ಅದರಲ್ಲೊಂದು ಮುಳ್ಳಿದೆ. ವಿಂಟೇಜ್ ಎಂದು ನೋಂದಾಯಿಸಿದ ಗಾಡಿಯನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗಿಳಿಯಬಹುದು. ಸಂತೆಗೆ, ಮದುವೆಗೆ, ಸೂಳೆಕೆರೆಗೆ ಹೋಗುವಂತಿಲ್ಲ.

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಮಗ ಎಲ್ಲ ಲೆಕ್ಕವನ್ನೂ ಅಂಗಡಿಯ ಚೀಟಿಯ ಮೇಲೆ ಬರೆದು ಮುಂದಿಟ್ಟ. ಒಂದು ಕಡೆ ಐದು ವರ್ಷಕ್ಕೆ ಹತ್ತು ಸಾವಿರ. ಇನ್ನೊಂದು ಕಡೆ ಹತ್ತು ವರ್ಷಕ್ಕೆ ಇಪ್ಪತ್ತು ಸಾವಿರ. ಮೂರನೆಯದು, ಗುಜರಿ. ಕೊನೆಯಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದ್ದ. ವ್ಯಾನಿಗೂ 2029ಕ್ಕೆ ಹದಿನೈದು ತುಂಬುತ್ತದೆ, ಆಗ ಅದರದ್ದೂ ಇದೇ ಪಾಡು. ಮೊಮ್ಮಗ ಅದನ್ನು ಓದಿ ತಲೆ ಕೆರೆದುಕೊಂಡ.

"ಅಪ್ಪಾಜಿ, ವರ್ಷಕ್ಕೆ ಹಾಕಿದ್ರೆ ಎರಡೂ ಒಂದೇ ರೇಟು. ಮುಂದಿನ ಸಾರಿಗೆ ಐದೇ ಸಾವಿರ. ವಿಂಟೇಜೇ ಲಾಭ" ಎಂದ ಮಗ. ವ್ಯಾಪಾರಿಯಲ್ಲವೇ!

ಅಜ್ಜ ಚೀಟಿಯನ್ನು ದೂರ ಹಿಡಿದು ನೋಡಿದರು. ಅವರ ಡ್ರೈವಿಂಗ್ ಲೈಸೆನ್ಸೂ ಈಗ ಐದೈದು ವರ್ಷದ್ದೇ, ಡಾಕ್ಟರ ಸರ್ಟಿಫಿಕೇಟಿನ ಮೇಲೆ.

"ಸಂತೆಗೆ ಹೋಗದ ಕಾರು ಇಟ್ಕಂಡು ಏನ್ಮಾಡ್ಲಿ? ಐದು ವರ್ಷದ್ದೇ ಮಾಡ್ಸು. ನನಗೆ ಅಷ್ಟು ಸಾಕು" ಎಂದರು. "ಆಮೇಲೆ ನೀವು ವಿಂಟೇಜ್ ಮಾಡ್ಕಳಿ, ಏನಾದ್ರೂ ಮಾಡ್ಕಳಿ."

ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೊಮ್ಮಗನೇ ಎದ್ದು ಶೆಡ್ಡಿಗೆ ಹೋದ. ವ್ಯಾನನ್ನು ಒಂದು ಮಾರು ಪಕ್ಕಕ್ಕೆ ಸರಿಸಿ ನಿಲ್ಲಿಸಿದ. ಫಿಯೆಟ್ ಹೊರಗೆ ತೆಗೆಯಲು ಜಾಗ ಬೇಕಿತ್ತು.